ಮೊದಲ ಬಹುಮಾನ ಬರಲಿಲ್ಲ

2019ರ ಜುಲೈ ತಿಂಗಳ ಆ ಸೆಮಿಫೈನಲ್ ನಿಮಗೆ ನೆನಪಿರಲೇಬೇಕು. ಮ್ಯಾಂಚೆಸ್ಟರ್‌ನಲ್ಲಿ ಭಾರತಕ್ಕೂ ನ್ಯೂಜಿಲೆಂಡ್‌ಗೂ ಪಂದ್ಯ, ಮಳೆ ಬಂದು ಆಟ ಮರುದಿನಕ್ಕೆ ಹೋಯ್ತು, ಕೊನೆಗೆ ಧೋನಿ ರನೌಟ್. ಅವತ್ತು ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 2.53 ಕೋಟಿ ಜನ ಮ್ಯಾಚ್ ನೋಡ್ತಿದ್ರು. ಮೀಟಿಂಗಿನಲ್ಲಿ ಕೂತು ಮೇಜಿನ ಕೆಳಗೆ ಮೊಬೈಲ್ ಹಿಡ್ಕೊಂಡು ನೋಡಿದವರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಅಷ್ಟು ಜನಕ್ಕೆ ಒಟ್ಟಿಗೆ ವಿಡಿಯೋ ತಲುಪಿಸಿದ ಜಾಲದ ಹೆಸರು ಅಕಮೈ. ಹವಾಯಿ ಭಾಷೆಯಲ್ಲಿ ಹಾಗಂದ್ರೆ ಜಾಣ. ಬೆಂಗಳೂರಿನಲ್ಲಿ ಆ ಕಂಪನಿಗೆ ದೊಡ್ಡ ಆಫೀಸೇ ಇದೆ, ನಿಮ್ಮ ಗೆಳೆಯರ ಪೈಕಿ ಒಬ್ಬರಾದ್ರೂ ಅಲ್ಲಿ ಕೆಲಸ ಮಾಡಿರಬಹುದು.

ಈ ಕಂಪನಿ ಹುಟ್ಟಿದ್ದು ಒಂದು ಕಾಲೇಜು ಸ್ಪರ್ಧೆಯ ಸುತ್ತಮುತ್ತ. ಆ ಸ್ಪರ್ಧೆಯಲ್ಲಿ ಅದು ಗೆಲ್ಲಲಿಲ್ಲ.

ಕೆಲವು ವರ್ಷಗಳಿಂದ ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳ ಇ-ಸೆಲ್‌ನವರು ತಮ್ಮ ಬಿಸಿನೆಸ್ ಪ್ಲ್ಯಾನ್ ಸ್ಪರ್ಧೆಗೆ ಆಗೊಮ್ಮೆ ಈಗೊಮ್ಮೆ ನನ್ನನ್ನು ಜಡ್ಜ್ ಅಂತ ಕರೀತಾರೆ. ಹೋಗ್ತೀನಿ, ಶಾಲು-ಮೊಮೆಂಟೋ ತಗೊಂಡು ಬರ್ತೀನಿ. ಅಲ್ಲಿ ಉದ್ಘಾಟನಾ ಭಾಷಣ ಮಾಡೋರು ಸಾಮಾನ್ಯವಾಗಿ ಎರಡೇ ಕಥೆ ಹೇಳ್ತಾರೆ. ಒಂದು, ಗ್ಯಾರೇಜಿನಲ್ಲಿ ಕಂಪನಿ ಕಟ್ಟಿದವರದ್ದು. ಇನ್ನೊಂದು, ಕಾಲೇಜು ಬಿಟ್ಟು ಕೋಟ್ಯಧಿಪತಿ ಆದವರದ್ದು. ಕಾಲೇಜಿನ ಕಾರ್ಯಕ್ರಮದಲ್ಲಿ ನಿಂತು ಕಾಲೇಜು ಬಿಟ್ಟವರ ಕಥೆ ಹೇಳೋದು ನನಗೆ ಯಾವತ್ತೂ ವಿಚಿತ್ರ ಅನ್ಸುತ್ತೆ. ಕಾಲೇಜಿನ ಒಳಗಿದ್ದೇ, ಅಲ್ಲಿನ ಪ್ರೊಫೆಸರು, ಅಲ್ಲಿನ ಪೇಟೆಂಟು, ಅಲ್ಲಿನ ಸ್ಪರ್ಧೆ ಎಲ್ಲವನ್ನೂ ಬಳಸಿಕೊಂಡು ಹುಟ್ಟಿದ ಕಂಪನಿಯ ಕಥೆ ಇಂಥ ಕಡೆ ಹೆಚ್ಚು ಹೊಂದುತ್ತೆ. ಆ ಹುಡುಗರಿಗೆ ನಾನು ಹೇಳೋದು ಅದನ್ನೇ.

ಜಾಗ ಎಂಐಟಿ. ನಮ್ಮ ಮಣಿಪಾಲದ್ದಲ್ಲ, ಅಮೆರಿಕದ ಬಾಸ್ಟನ್ ಪಕ್ಕ ಕೇಂಬ್ರಿಜ್‌ನಲ್ಲಿರೋದು. ಲ್ಯಾಬಿನಿಂದ ಕಂಪನಿ ಹೊರಡೋದು ಅಲ್ಲಿ ಹಳೇ ರೂಢಿ. 1957ರಲ್ಲಿ ಎಂಐಟಿಯ ಲಿಂಕನ್ ಲ್ಯಾಬೊರೇಟರಿಯಲ್ಲಿದ್ದ ಕೆನ್ ಓಲ್ಸನ್ ಮತ್ತು ಹಾರ್ಲನ್ ಆಂಡರ್ಸನ್ 70 ಸಾವಿರ ಡಾಲರ್ ಬಂಡವಾಳ ಪಡೆದು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಶುರುಮಾಡಿದರು. ಹಣ ಕೊಟ್ಟಿದ್ದು ಜಾರ್ಜ್ ಡೋರಿಯೋ ನಡೆಸುತ್ತಿದ್ದ ಎಆರ್‌ಡಿ. ಈ ಡೋರಿಯೋ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೇಷ್ಟ್ರು ಕೂಡ. ಪ್ಲ್ಯಾನಿನಲ್ಲಿ ಕಂಪ್ಯೂಟರ್ ಅನ್ನೋ ಪದ ಹಾಕಬೇಡಿ, ಅದರಲ್ಲಿ ಯಾರೂ ದುಡ್ಡು ಮಾಡಿಲ್ಲ ಅಂತ ಎಆರ್‌ಡಿಯವರು ಬುದ್ಧಿ ಹೇಳಿದ್ದರಂತೆ. ಅದಕ್ಕೇ ಮುಂದೆ ಕಂಪ್ಯೂಟರ್ ಲೋಕದ ದೈತ್ಯ ಆದ ಆ ಕಂಪನಿಯ ಹೆಸರಿನಲ್ಲೇ ಕಂಪ್ಯೂಟರ್ ಇಲ್ಲ. ಬಂಡವಾಳ ಹಾಕೋರಿಗೆ ಯಾವ ಪದ ಕೇಳಿದರೆ ಹೆದರಿಕೆ, ಯಾವ ಪದ ಕೇಳಿದರೆ ಖುಷಿ ಅನ್ನೋದು ಆಗಿನಿಂದಲೂ ಒಂದು ವಿದ್ಯೆ. ಈಗಿನ ಸ್ಲೈಡುಗಳಲ್ಲಿ ‘ಎಐ’ ಅಂತ ಎಷ್ಟು ಸಲ ಬರುತ್ತೆ ಅಂತ ಎಣಿಸಿ ನೋಡಿ.

ಆಮೇಲೆ 1980ರಲ್ಲಿ ಅಮೆರಿಕ ಒಂದು ಕಾನೂನು ತಂತು, ಬೇ-ಡೋಲ್ ಆಕ್ಟ್. ಸರ್ಕಾರದ ದುಡ್ಡಿನಲ್ಲಿ ನಡೆದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾಲಯವೇ ಇಟ್ಕೊಂಡು ಕಂಪನಿಗಳಿಗೆ ಲೈಸೆನ್ಸ್ ಕೊಡಬಹುದು ಅಂತಾಯ್ತು. ಕೇಳೋಕೆ ಒಣ ವಿಷಯ. ಆದರೆ ಅಮೆರಿಕದ ಕ್ಯಾಂಪಸ್ ಕಂಪನಿಗಳಲ್ಲಿ ಬಹಳಷ್ಟು ಈ ಬಾಗಿಲಿನಿಂದಲೇ ಹೊರಬಂದವು.

ಸ್ಪರ್ಧೆ ಹುಟ್ಟಿದ್ದು ಇನ್ನೂ ಹತ್ತು ವರ್ಷದ ನಂತರ, 1990ರಲ್ಲಿ. ಅದನ್ನು ಶುರುಮಾಡಿದ್ದು ಡೀನ್ ಅಲ್ಲ, ಕಮಿಟಿಯೂ ಅಲ್ಲ, ಎರಡು ವಿದ್ಯಾರ್ಥಿ ಸಂಘಗಳು. ಒಂದರಲ್ಲಿ ಎಂಜಿನಿಯರಿಂಗ್‌ನವರು ಹೆಚ್ಚು, ಇನ್ನೊಂದು ಸ್ಲೋನ್ ಅನ್ನೋ ಅಲ್ಲಿನ ಮ್ಯಾನೇಜ್‌ಮೆಂಟ್ ಸ್ಕೂಲಿನ ಸಂಘ. ಇವರ ಹತ್ತಿರ ತಂತ್ರಜ್ಞಾನ ಇತ್ತು, ಅವರ ಹತ್ತಿರ ಲೆಕ್ಕಪತ್ರ ಇತ್ತು, ಕ್ಯಾಂಪಸ್ಸಿನಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ತಿರಲಿಲ್ಲ. ಬಹುಮಾನದ ಒಟ್ಟು ಮೊತ್ತವೇ ಸ್ಪರ್ಧೆಯ ಹೆಸರು: ಮೊದಲು ‘10ಕೆ’, 1996ರ ಹೊತ್ತಿಗೆ ‘50ಕೆ’, 2006ರಿಂದ ‘100ಕೆ’. ಇವತ್ತಿಗೂ ವಿದ್ಯಾರ್ಥಿಗಳೇ ನಡೆಸ್ತಾರೆ. ನಮ್ಮಲ್ಲಿ ಇಂಥದ್ದಕ್ಕೆ ಸರ್ಕ್ಯುಲರ್ ಬರುತ್ತೆ, ಹಾಜರಾತಿ ಕೊಡ್ತೀವಿ ಅಂತ ಹುಡುಗರನ್ನ ಕರೆತಂದು ಹಾಲ್ ತುಂಬಿಸೋದೂ ಉಂಟು. ಬೇರೆಬೇರೆ ಡಿಪಾರ್ಟ್‌ಮೆಂಟಿನವರು ತಾವಾಗಿ ಒಟ್ಟಿಗೆ ಕೂತರೆ ಏನಾಗುತ್ತೆ ಅನ್ನೋದು ಈ ಕಥೆಯ ಮುಕ್ಕಾಲು ಭಾಗ.

ಈಗ ಸಮಸ್ಯೆಗೆ ಬರೋಣ. 1994ರಲ್ಲಿ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಎಂಐಟಿಯ ಕಂಪ್ಯೂಟರ್ ಸೈನ್ಸ್ ಲ್ಯಾಬಿಗೆ ಬಂದರು. ವೆಬ್ ಬೆಳೆಯೋ ವೇಗ ನೋಡಿದ ಅವರಿಗೆ ಮುಂದಿನ ಟ್ರಾಫಿಕ್ ಜಾಮ್ ಆಗಲೇ ಕಾಣ್ತಿತ್ತು. ಒಂದು ತಾಣಕ್ಕೆ ಇದ್ದಕ್ಕಿದ್ದಂತೆ ಲಕ್ಷಾಂತರ ಜನ ನುಗ್ಗಿದರೆ ಅದರ ಸರ್ವರ್ ಮಲಗುತ್ತೆ. ರಿಸಲ್ಟ್ ದಿನ ಬೋರ್ಡಿನ ವೆಬ್‌ಸೈಟ್ ತೆರೆಯೋಕೆ ಕೂತ ನಮ್ಮವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. 1995ರಲ್ಲಿ ಅವರು ಈ ಪ್ರಶ್ನೆಯನ್ನು ಸಹೋದ್ಯೋಗಿಗಳ ಮುಂದಿಟ್ಟರು. ಅದೇ ಲ್ಯಾಬಿನಲ್ಲಿದ್ದ ಟಾಮ್ ಲೇಟನ್ ಇದು ಗಣಿತದ ಪ್ರಶ್ನೆ ಅಂತ ಎತ್ತಿಕೊಂಡರು. ಲೇಟನ್ ಅಪ್ಲೈಡ್ ಮ್ಯಾಥಮೆಟಿಕ್ಸ್ ಪ್ರೊಫೆಸರು, ಅಲ್ಗಾರಿದಮ್ ಅವರ ಕ್ಷೇತ್ರ.

1996ರಲ್ಲಿ ಅವರ ಹತ್ತಿರ ಒಬ್ಬ ವಿದ್ಯಾರ್ಥಿ ಬಂದ. ಡ್ಯಾನಿ ಲೆವಿನ್, 26 ವರ್ಷ. ಹುಟ್ಟಿದ್ದು ಅಮೆರಿಕದ ಡೆನ್ವರ್, 14ನೇ ವಯಸ್ಸಿಗೆ ಅಪ್ಪ-ಅಮ್ಮನ ಜೊತೆ ಇಸ್ರೇಲಿಗೆ ಹೋದವನು. ಅಲ್ಲಿನ ಸೈನ್ಯದ ವಿಶೇಷ ಪಡೆಯಲ್ಲಿ ನಾಲ್ಕು ವರ್ಷ ಇದ್ದು ಅಧಿಕಾರಿಯಾದ. ಟೆಕ್ನಿಯಾನ್‌ನಲ್ಲಿ ಓದ್ತಾ ಹೈಫಾದ ಐಬಿಎಂ ಲ್ಯಾಬಿನಲ್ಲೂ ಕೆಲಸ ಮಾಡಿ ಎಂಐಟಿಗೆ ಬಂದ. ಹೆಂಡತಿ, ಇಬ್ಬರು ಗಂಡುಮಕ್ಕಳು, ಸ್ಟೂಡೆಂಟ್ ಸ್ಟೈಪೆಂಡಿನಲ್ಲಿ ಸಂಸಾರ, ತಲೆ ಮೇಲೆ ಓದಿನ ಸಾಲ.

ಲೇಟನ್, ಲೆವಿನ್ ಮತ್ತು ಗುಂಪಿನ ಇತರರು ಸೇರಿ ಕಂಡುಕೊಂಡ ಉಪಾಯದ ಹೆಸರು ಕನ್ಸಿಸ್ಟೆಂಟ್ ಹ್ಯಾಶಿಂಗ್. ಸಿಸ್ಟಂ ಡಿಸೈನ್ ಇಂಟರ್‌ವ್ಯೂಗೆ ತಯಾರಿ ಮಾಡಿದ ಎಲ್ಲರೂ ಇದನ್ನ ಉರು ಹೊಡೆದಿರ್ತಾರೆ. ಉಳಿದವರಿಗೆ ನಮ್ಮೂರಿನ ಲೆಕ್ಕದಲ್ಲಿ ಹೇಳ್ತೀನಿ. ಔಟರ್ ರಿಂಗ್ ರೋಡಿನ ಉದ್ದಕ್ಕೂ ಹತ್ತು ನಂದಿನಿ ಬೂತ್ ಇವೆ ಅಂದ್ಕೊಳ್ಳಿ. ಯಾವ ಮನೆಯವರು ಯಾವ ಬೂತಿಗೆ ಹೋಗಬೇಕು? ಸುಲಭದ ದಾರಿ ಅಂದ್ರೆ ಮನೆ ನಂಬರನ್ನು ಹತ್ತರಿಂದ ಭಾಗಿಸಿ, ಶೇಷ ಎಷ್ಟು ಬರುತ್ತೋ ಆ ಬೂತು. ಒಂದು ಬೂತ್ ಮುಚ್ಚೋವರೆಗೂ ಇದು ಚೆನ್ನಾಗೇ ನಡೆಯುತ್ತೆ. ಮುಚ್ಚಿದ ದಿನ ಎಲ್ಲರೂ ಒಂಬತ್ತರಿಂದ ಭಾಗಿಸಬೇಕು, ಹೆಚ್ಚುಕಮ್ಮಿ ಪ್ರತಿ ಮನೆಯ ಬೂತೂ ಬದಲಾಗುತ್ತೆ. ನಿಮ್ಮ ಹಾಲು ಒಂದು ಕಡೆ, ನೀವು ಇನ್ನೊಂದು ಕಡೆ. ಅದರ ಬದಲು ಹೀಗೆ ಮಾಡಿ. ಪ್ರತಿ ಮನೆಯವರೂ ರಿಂಗ್ ರೋಡಿಗೆ ಬಂದು, ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ ನಡೆದು, ಮೊದಲು ಸಿಗೋ ಬೂತಿನಲ್ಲಿ ಹಾಲು ತಗೊಳ್ಳಲಿ. ಈಗ ಒಂದು ಬೂತ್ ಮುಚ್ಚಿದರೆ ಅದರ ಗಿರಾಕಿಗಳಷ್ಟೇ ಸ್ವಲ್ಪ ಮುಂದೆ ನಡೀತಾರೆ. ಮಿಕ್ಕವರಿಗೆ ಸುದ್ದಿಯೂ ತಲುಪಲ್ಲ. ಬೂತ್ ಜಾಗದಲ್ಲಿ ಸರ್ವರ್ ಇಡಿ, ಮನೆ ಜಾಗದಲ್ಲಿ ವೆಬ್ ಪುಟಗಳನ್ನಿಡಿ, ಅಷ್ಟೇ. ಸಾವಿರಾರು ಸರ್ವರ್‌ಗಳಲ್ಲಿ ದಿನಾ ಕೆಲವು ಕೆಟ್ಟರೂ ಜಾಲ ಅಲುಗಾಡಲ್ಲ.

1997ರಲ್ಲಿ ಈ ಪ್ರಬಂಧ ಸ್ಟಾಕ್ ಅನ್ನೋ ಸಮ್ಮೇಳನದಲ್ಲಿ ಬಂತು. ಲೇಖಕರು ಆರು ಜನ, ಅದರಲ್ಲಿ ರೀನಾ ಪಾಣಿಗ್ರಹಿ ಅನ್ನೋ ನಮ್ಮ ದೇಶದ ಹೆಸರೂ ಇದೆ. ಹತ್ತು ವರ್ಷದ ಮೇಲೆ ಅಮೆಜಾನ್‌ನವರು ತಮ್ಮ ಡೈನಮೋ ವ್ಯವಸ್ಥೆಯ ಬಗ್ಗೆ ಬರೆದಾಗ ಅದರಲ್ಲೂ ಇದೇ ಉಪಾಯ ಇತ್ತು.

ಗಣಿತದ ಕೆಲಸ ಅಲ್ಲಿಗೆ ಮುಗೀತು. ವ್ಯಾಪಾರ ಇನ್ನೂ ಎಲ್ಲೂ ಇರಲಿಲ್ಲ.

1997ರ ಕೊನೆಗೆ ಸ್ಲೋನ್‌ನಲ್ಲಿ ಎಂಬಿಎ ಓದ್ತಿದ್ದ ಪ್ರೀತೀಶ್ ನಿಜಾವನ್ 50ಕೆ ಸ್ಪರ್ಧೆಯ ವಿಷಯ ಎತ್ತಿದರು. ಇನ್ನೊಬ್ಬ ಸ್ಲೋನ್ ವಿದ್ಯಾರ್ಥಿ ಜೊನಾಥನ್ ಸೀಲಿಗ್ ಸೇರಿಕೊಂಡರು. 50 ಸಾವಿರ ಡಾಲರ್ ಅಂದ್ರೆ ಆಗಿನ ಲೆಕ್ಕಕ್ಕೆ ಸುಮಾರು 20 ಲಕ್ಷ ರೂಪಾಯಿ. ಲೆವಿನ್‌ಗೆ ಅದರಲ್ಲಿ ತನ್ನ ಪಾಲಿನಿಂದ ಸಾಲ ತೀರಿಸೋ ಆಸೆ. ಕಂಪನಿ ಕಟ್ಟೋ ಕನಸು ಆಮೇಲಿನದು. ನನಗೆ ಈ ಕಥೆಯಲ್ಲಿ ಇದೇ ತುಂಬಾ ಇಷ್ಟ. ಜಗತ್ತನ್ನ ಬದಲಾಯಿಸ್ತೀನಿ ಅಂತ ಮೊದಲ ಸ್ಲೈಡಿನಲ್ಲೇ ಬರೆಯೋ ಟೀಮಿಗಿಂತ, ಸಾಲ ತೀರಿಸಬೇಕು ಸಾರ್ ಅನ್ನೋ ಹುಡುಗನ ಮೇಲೆ ನನಗೆ ಹೆಚ್ಚು ನಂಬಿಕೆ.

ಸ್ಪರ್ಧೆಗೆ ಪ್ರಮೇಯ ಕೊಟ್ಟರೆ ನಡೆಯಲ್ಲ, ಪ್ಲ್ಯಾನ್ ಬೇಕು. ಪ್ಲ್ಯಾನ್ ಅಂದ್ರೆ ಒಂದೇ ಪ್ರಶ್ನೆ: ದುಡ್ಡು ಕೊಡೋರು ಯಾರು? ಪುಟ ನೋಡೋನು ಕೊಡಲ್ಲ, ಅವನು ಆಗಲೇ ತಿಂಗಳ ಇಂಟರ್ನೆಟ್ ಬಿಲ್ ಕಟ್ಟಿದ್ದಾನೆ. ಇಂಟರ್ನೆಟ್ ಸೇವೆ ಕೊಡೋ ಕಂಪನಿಗಳಿಗೆ ಈ ಸಾಫ್ಟ್‌ವೇರ್ ಮಾರೋಣ ಅನ್ನೋದು ಅವರ ಮೊದಲ ಯೋಚನೆ. ಆದರೆ ತಾಣ ಬಿದ್ದುಹೋದರೆ ಆ ಕಂಪನಿಗಳಿಗೇನು ನಷ್ಟ? ಗಿರಾಕಿ ಬೈಯೋದು ತಾಣದವನನ್ನ. ಹಾಗೆ ನೋಡಿದರೆ ನೋವು ಇರೋದು ತಾಣದ ಮಾಲೀಕನಿಗೆ, ಹಣ ಕೊಡಬೇಕಾದವನೂ ಅವನೇ. ಆದರೆ ಅವನಿಗೆ ಸಾಫ್ಟ್‌ವೇರ್ ಸಿಡಿ ಕೊಟ್ಟು ಏನು ಪ್ರಯೋಜನ? ಅವನಿಗೆ ಬೇಕಾಗಿರೋದು ಊರೂರಲ್ಲಿ ಕೂತ ಸಾವಿರಾರು ಸರ್ವರ್‌ಗಳ ಬೆಂಬಲ. ಅಂದಮೇಲೆ ಆ ಜಾಲವನ್ನ ಇವರೇ ಕಟ್ಟಬೇಕು, ತಿಂಗಳ ಬಾಡಿಗೆಗೆ ಕೊಡಬೇಕು. ಇಷ್ಟಾದ ಮೇಲೆ ಒಂದು ತಮಾಷೆ ಕಾಣುತ್ತೆ. ಸಾಫ್ಟ್‌ವೇರಿಗೆ ದುಡ್ಡು ಬಿಚ್ಚದ ಸೇವಾ ಕಂಪನಿಗಳು, ಇವರ ಸರ್ವರನ್ನು ತಮ್ಮ ಕಟ್ಟಡದಲ್ಲಿ ಇಟ್ಕೊಳ್ಳೋಕೆ ಒಪ್ತವೆ. ಎಷ್ಟೋ ಕಡೆ ಬಾಡಿಗೆ ಕೂಡ ಕೇಳಲ್ಲ. ಪುಟ ಹತ್ತಿರದಲ್ಲೇ ಸಿಕ್ಕರೆ ಅವರ ದೂರದ ಲೈನಿನ ಖರ್ಚು ಉಳಿಯುತ್ತಲ್ಲ! ಗಿರಾಕಿ ಅಂದ್ಕೊಂಡವನು ಪಾಲುದಾರ ಆದ.

ಸ್ಪರ್ಧೆಯ ದಿನಕ್ಕೆ ಇದೆಲ್ಲ ಬಗೆಹರಿದಿರಲಿಲ್ಲ, ಕೆಲವು ಆಮೇಲೆ ರೂಪ ಪಡೆದವು. ಆದರೆ ಆ ಪ್ರಶ್ನೆಯನ್ನು ಗಣಿತದವರ ಮೇಜಿನ ಮೇಲೆ ತಂದಿಟ್ಟಿದ್ದು ಸ್ಪರ್ಧೆಯೇ. ಲೆವಿನ್‌ನ ಪಿಎಚ್‌ಡಿ ಗೈಡ್ ಅವನನ್ನ ಈ ಪ್ರಶ್ನೆ ಕೇಳಬೇಕಾದ ಅಗತ್ಯ ಇರಲಿಲ್ಲ. ಥೀಸಿಸ್ ಕಮಿಟಿ ಕೇಳಲ್ಲ, ಸಮ್ಮೇಳನದಲ್ಲಿ ಯಾರೂ ಕೇಳಲ್ಲ. ಇಂಥ ದಿನಾಂಕದೊಳಗೆ ಬರೆದುಕೊಡಿ ಅಂತ ಯಾರೋ ಹೇಳಬೇಕಿತ್ತು.

1998ರ ವಸಂತದಲ್ಲಿ ಸುಮಾರು 100 ಅರ್ಜಿ ಬಂದವು. ಕೊನೆ ಸುತ್ತಿಗೆ ಆರು ಟೀಮು, ಅದರಲ್ಲಿ ಇವರದ್ದೂ ಒಂದು. ಮೊದಲ ಬಹುಮಾನ ಡೈರೆಕ್ಟ್ ಹಿಟ್ ಅನ್ನೋ ಸರ್ಚ್ ಎಂಜಿನ್ ಟೀಮಿಗೆ ಹೋಯ್ತು.

ಇಲ್ಲಿ ಸಾಮಾನ್ಯವಾಗಿ ಜಡ್ಜ್‌ಗಳನ್ನ ಗೇಲಿ ಮಾಡ್ತಾರೆ. ನಾನು ಅದಕ್ಕೆ ಒಪ್ಪಲ್ಲ. ಆ ಕುರ್ಚಿಯಲ್ಲಿ ಕೂತವನಿಗೆ ಕಾಣೋದು ಇಷ್ಟೇ: ಒಂದು ಕಡೆ, ಹುಡುಕಿದ ಮೇಲೆ ಜನ ಯಾವ ಕೊಂಡಿ ಒತ್ತುತ್ತಾರೆ ಅಂತ ನೋಡಿ ಅದನ್ನ ಮೇಲೆ ತರೋ ಸರ್ಚ್ ಎಂಜಿನ್. ಯಾರಿಗಾದ್ರೂ ಅರ್ಥ ಆಗುತ್ತೆ, ಕೂಡಲೇ ಬಳಸಬಹುದು. ಇನ್ನೊಂದು ಕಡೆ, ಸಾವಿರಾರು ಸರ್ವರ್ ಖರೀದಿ ಮಾಡಬೇಕು ಅನ್ನೋ ಗಣಿತದ ಮೇಷ್ಟ್ರು ಮತ್ತು ಶಿಷ್ಯ. ನಾನಿದ್ದರೂ ಡೈರೆಕ್ಟ್ ಹಿಟ್‌ಗೇ ಅಂಕ ಕೊಡ್ತಿದ್ದೆ. ಮೇಲಾಗಿ ಅದು ಸೋತ ಕಂಪನಿಯೂ ಅಲ್ಲ. ಹಾಟ್‌ಬಾಟ್‌ನಂಥ ತಾಣಗಳು ಅದನ್ನ ಬಳಸಿದವು, 2000ದ ಜನವರಿಯಲ್ಲಿ ಆಸ್ಕ್ ಜೀವ್ಸ್ ಕಂಪನಿ ಸುಮಾರು 50 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಕೊಂಡುಕೊಂಡಿತು. ಆದರೆ 1998ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗೂಗಲ್ ಅನ್ನೋ ಇನ್ನೊಂದು ಸರ್ಚ್ ಎಂಜಿನ್ ಕಂಪನಿ ನೋಂದಣಿ ಆಗಿತ್ತು. 2002ರ ಹೊತ್ತಿಗೆ ಡೈರೆಕ್ಟ್ ಹಿಟ್ ಮುಚ್ಚಿಹೋಗಿತ್ತು.

ಬಹುಮಾನ ಬರದ ಟೀಮು ಮನೆಗೆ ಹೋಗಲಿಲ್ಲ. 1998ರ ಆಗಸ್ಟ್ 20ಕ್ಕೆ ಅಕಮೈ ಕಂಪನಿ ಆಯ್ತು. ಲೇಟನ್ ಪಾಠ ಬಿಟ್ಟು ರಜೆ ಹಾಕಿದರು, ಎಂಐಟಿಯ ಅಂಡರ್‌ಗ್ರಾಜುಯೇಟ್ ಹುಡುಗರು ಬಂದು ಕೋಡ್ ಬರೆದರು. ಲೇಟನ್ ಮತ್ತು ಲೆವಿನ್ ಹೆಸರಿನ ಪೇಟೆಂಟ್ ಎಂಐಟಿಯದ್ದು, ಅದರ ಲೈಸೆನ್ಸಿಗೆ ಬದಲಾಗಿ ಕಾಲೇಜು ಕಂಪನಿಯ ಷೇರು ತಗೊಂಡಿತು. 1999ರ ಮಾರ್ಚಿನಲ್ಲಿ ಸ್ಟಾರ್ ವಾರ್ಸ್ ಹೊಸ ಸಿನಿಮಾದ ಟ್ರೇಲರ್ ಬಂತು, ಅದೇ ದಿನಗಳಲ್ಲಿ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಮೆಂಟು. ಎರಡಕ್ಕೂ ಜನ ಮುಗಿಬಿದ್ದರು, ಅಕಮೈ ಜಾಲ ತಡ್ಕೊಂಡಿತು. ಆಮೇಲೆ ಏಪ್ರಿಲ್ 1ಕ್ಕೆ ಸ್ಟೀವ್ ಜಾಬ್ಸ್ ಫೋನ್ ಮಾಡಿ ಕಂಪನಿ ಕೊಡ್ತೀರಾ ಅಂತ ಕೇಳಿದಾಗ ಏಪ್ರಿಲ್ ಫೂಲ್ ಮಾಡ್ತಿದ್ದಾರೆ ಅಂತ ಈ ಕಡೆಯವರು ಫೋನ್ ಇಟ್ಟುಬಿಟ್ಟರು ಅನ್ನೋ ಕಥೆ ಇದೆ. ಅದೇ ತಿಂಗಳು ಸೇವೆ ಶುರು, ಮೊದಮೊದಲ ಗಿರಾಕಿಗಳಲ್ಲಿ ಯಾಹೂ.

ಅಕ್ಟೋಬರ್ 29ಕ್ಕೆ ಷೇರುಪೇಟೆ. 26 ಡಾಲರಿಗೆ ಬಿಟ್ಟ ಷೇರು ಸಂಜೆ 145.19ಕ್ಕೆ ನಿಂತಿತು. ಸಾಲ ತೀರಿಸೋಕೆ ಸ್ಪರ್ಧೆಗೆ ಹೋದವನು 29ನೇ ವಯಸ್ಸಿನಲ್ಲಿ ಕಾಗದದ ಮೇಲೆ ಭಾರೀ ಶ್ರೀಮಂತ. ಎರಡೇ ತಿಂಗಳಲ್ಲಿ ಷೇರು 300 ದಾಟಿತು. ಮುಂದಿನದ್ದು ನಿಮಗೆ ಗೊತ್ತಿರೋ ಡಾಟ್‌ಕಾಂ ಕಥೆ. ಗಿರಾಕಿಗಳಾಗಿದ್ದ ಸಣ್ಣ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು, 2001ರಲ್ಲಿ ಅಕಮೈ ನೂರಾರು ಜನರನ್ನು ಕೆಲಸದಿಂದ ತೆಗೀತು.

ಆ ವರ್ಷದ ಸೆಪ್ಟೆಂಬರ್ 11ರ ಬೆಳಗ್ಗೆ ಲೆವಿನ್ ಬಾಸ್ಟನ್‌ನಿಂದ ಲಾಸ್ ಏಂಜಲೀಸ್ ವಿಮಾನ ಹತ್ತಿದ. ಅಮೆರಿಕನ್ ಏರ್‌ಲೈನ್ಸ್ 11, ಸೀಟ್ 9ಬಿ. ಮುಂದಿನ ಸಾಲಿನಲ್ಲಿ ಮೊಹಮ್ಮದ್ ಅತ್ತಾ ಮತ್ತು ಅವನ ಜೊತೆಗಾರ, ಲೆವಿನ್‌ನ ಸರಿ ಹಿಂದೆ ಮತ್ತೊಬ್ಬ ಅಪಹರಣಕಾರ. ಮುಂದಿನವರನ್ನು ತಡೆಯೋಕೆ ಲೆವಿನ್ ಎದ್ದಿರಬಹುದು, ಹಿಂದೆ ಇನ್ನೊಬ್ಬ ಇದ್ದಾನೆ ಅಂತ ತಿಳಿಯದೆ ಇರಿತಕ್ಕೆ ಸಿಕ್ಕಿರಬಹುದು ಅಂತ ಅಮೆರಿಕದ ತನಿಖಾ ಆಯೋಗದ ವರದಿ ಹೇಳುತ್ತೆ. ವಿಮಾನ ವರ್ಲ್ಡ್ ಟ್ರೇಡ್ ಸೆಂಟರಿನ ಉತ್ತರ ಗೋಪುರಕ್ಕೆ ಬಡಿಯಿತು. ಲೆವಿನ್‌ಗೆ 31 ವರ್ಷ.

ಅವತ್ತು ಜಗತ್ತೆಲ್ಲ ಸುದ್ದಿತಾಣಗಳಿಗೆ ನುಗ್ಗಿತು. ಬರ್ನರ್ಸ್-ಲೀ ಹೇಳಿದ್ದ ದಟ್ಟಣೆ ಅದೇ, ಅಷ್ಟು ದೊಡ್ಡದಾಗಿ. ಲೆವಿನ್ ಹೋದ ಸುದ್ದಿ ಕೇಳಿದ ಜನರೇ ಕಂಪ್ಯೂಟರ್ ಮುಂದೆ ಕೂತು ಆ ಜಾಲ ಬೀಳದಂತೆ ನೋಡ್ಕೊಂಡರು. ಇದನ್ನ ಓದುವಾಗೆಲ್ಲ ಅಲ್ಲೇ ಸ್ವಲ್ಪ ಹೊತ್ತು ನಿಲ್ತೀನಿ. ಆನ್-ಕಾಲ್ ಡ್ಯೂಟಿ ಮಾಡಿದವರಿಗೆ ಆ ಕೋಣೆ ಹೇಗಿದ್ದಿರಬಹುದು ಅಂತ ಊಹಿಸೋಕೆ ಆಗುತ್ತೆ, ಪೂರ್ತಿ ಆಗಲ್ಲ.

2002ರಲ್ಲಿ ಷೇರು ಒಂದು ಡಾಲರಿಗಿಂತ ಕೆಳಗೆ ಬಂತು. 300 ಡಾಲರ್ ಕಂಡ ಷೇರು! ಕಂಪನಿ ಮುಳುಗುತ್ತೆ ಅಂತ ಬರೆದವರು ಬಹಳ ಜನ. ಉಳಿದದ್ದು ಹೇಗೆ ಅಂದ್ರೆ, ತಾಣ ಬಿದ್ದರೆ ನಷ್ಟ ಆಗೋ ದೊಡ್ಡ ಕಂಪನಿಗಳು ತಿಂಗಳ ಬಿಲ್ ಕಟ್ಟುತ್ತಲೇ ಇದ್ದವು. ದುಡ್ಡು ಕೊಡೋರು ಯಾರು ಅನ್ನೋದಕ್ಕೆ ಸಿಕ್ಕಿದ್ದ ಉತ್ತರ ಸರಿಯಾಗಿತ್ತು. 2004ರಲ್ಲಿ ಮೊದಲ ಸಲ ಇಡೀ ವರ್ಷಕ್ಕೆ ಲಾಭ ಬಂತು. 2006ರಲ್ಲಿ ಅದೇ ಎಂಐಟಿ ಪೇಟೆಂಟ್ ಹಿಡ್ಕೊಂಡು ಲೈಮ್‌ಲೈಟ್ ಅನ್ನೋ ಪ್ರತಿಸ್ಪರ್ಧಿಯ ಮೇಲೆ ಹೂಡಿದ ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಗಿ ಹತ್ತು ವರ್ಷ ನಡೀತು. 2013ರಲ್ಲಿ ಲೇಟನ್ ಸಿಇಓ ಆದರು. ಅಲ್ಗಾರಿದಮ್ ಪಾಠ ಮಾಡ್ತಿದ್ದ ಮೇಷ್ಟ್ರು ಷೇರುದಾರರ ಸಭೆಯಲ್ಲಿ ತ್ರೈಮಾಸಿಕ ಲೆಕ್ಕ ಕೊಡೋದು ನಮ್ಮ ಕಡೆ ಅಷ್ಟಾಗಿ ಕಾಣದ ದೃಶ್ಯ.

ನಮ್ಮ ಕಾಲೇಜುಗಳ ಸ್ಪರ್ಧೆಯಲ್ಲಿ ಫಲಿತಾಂಶ ಹೇಳಿದ ಮೇಲೆ ಹಾಲ್ ಅರ್ಧ ಗಂಟೆಯಲ್ಲಿ ಖಾಲಿ. ಗೆದ್ದ ಟೀಮು ದೊಡ್ಡ ಥರ್ಮಾಕೋಲ್ ಚೆಕ್ ಹಿಡ್ಕೊಂಡು ಫೋಟೋ ತೆಗೆಸುತ್ತೆ, ಉಳಿದವರು ಬಸ್ ಹಿಡೀತಾರೆ. ನಾನು ಈಗೀಗ ಕೊನೆ ಸುತ್ತಿನಲ್ಲಿ ಬಿದ್ದ ಟೀಮುಗಳನ್ನ ಗೇಟಿನ ಹತ್ತಿರ ಹಿಡಿದು, ಒಂದು ಟೀ ಕುಡಿಯೋಣ ಬನ್ನಿ ಅಂತ ಕರ್ಕೊಂಡು ಹೋಗ್ತೀನಿ. ಕೆಲವರು ಬರ್ತಾರೆ. ದುಡ್ಡು ಕೊಡೋರು ಯಾರು ಅಂತ ಅಲ್ಲಿ ಮತ್ತೆ ಕೇಳ್ತೀನಿ. ಸ್ಲೈಡ್ ಇಲ್ಲದೆ ಬರೋ ಉತ್ತರ ಸ್ಲೈಡಿನಲ್ಲಿದ್ದ ಉತ್ತರಕ್ಕಿಂತ ಚೆನ್ನಾಗಿರುತ್ತೆ, ಬಹಳ ಸಲ.

ಲೆವಿನ್ ಪಿಎಚ್‌ಡಿ ಮುಗಿಸಲಿಲ್ಲ. 1997ರಲ್ಲಿ ಅವರ ಪ್ರಬಂಧ ಬಂದಿದ್ದ ಅದೇ ಸ್ಟಾಕ್ ಸಮ್ಮೇಳನದಲ್ಲಿ ವಿದ್ಯಾರ್ಥಿಗಳೇ ಬರೆದ ಅತ್ಯುತ್ತಮ ಪ್ರಬಂಧಕ್ಕೆ ಒಂದು ಬಹುಮಾನ ಕೊಡ್ತಾರೆ. ಅದಕ್ಕೆ ಡ್ಯಾನಿ ಲೆವಿನ್ ಹೆಸರಿದೆ.